ವೈದ್ಯರೊಂದಿಗೆ ಪ್ರಶ್ನೋತ್ತರ: ಉಣಿಸುವ ಮೊದಲು ನೋವು ತಗ್ಗಬೇಕು

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನನ್ನ ಹೆಂಡತಿಗೆ 54 ವರ್ಷ. ಅವಳಿಗೆ ಚಿಕ್ಕ ವಯಸ್ಸಿನಿಂದಲೂ ಎಲೆ ಅಡಿಕೆಯ ಜೊತೆಗೆ ಹೊಗೆಸೊಪ್ಪು ಹಾಕಿಕೊಳ್ಳುವ ರೂಢಿ ಇತ್ತು. ಎಡಗೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಶಸ್ತ್ರಚಿಕಿತ್ಸೆ ಆಯಿತು. ಈಗ ಬೆಂಗಳೂರಿನಲ್ಲಿ ಕೋಣೆ ಹಿಡಿದುಕೊಂಡು ವಾರಕ್ಕೆ ಐದು ದಿನ ಕರೆಂಟು (ರೇಡಿಯೇಶನ್) ಕೊಡಿಸುತ್ತಿದ್ದೇನೆ, ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಕೀಮೋ ಇದೆ. 30 ಸಿಟ್ಟಿಂಗ್‌ಗಳಲ್ಲಿ 21 ಮುಗಿದಿವೆ. ಬಾಯಿ ತುಂಬ ಹುಣ್ಣಾಗಿದೆ; ಎರಡು ಚಮಚ ಗಂಜಿ ಕುಡಿಯುವಷ್ಟರಲ್ಲಿ ಮುಖ ತಿರುಗಿಸುತ್ತಾಳೆ. ತೂಕ 52 ಕೆ.ಜಿ.ಯಿಂದ 46ಕ್ಕೆ ಇಳಿದಿದೆ. ಮೂಗಿನ ನಳಿಕೆ ಹಾಕಬೇಕೆಂದು ವೈದ್ಯರು ಹೇಳಿದರೆ, ಆಪರೇಷನ್ ಆದಾಗ ಅನುಭವಿಸಿದ್ದು ಸಾಕು ಎಂದು ಒಪ್ಪುವುದಿಲ್ಲ. ಮಾತನ್ನೂ ಬಿಟ್ಟಿದ್ದಾಳೆ. ಉಳಿದ ಸಿಟ್ಟಿಂಗ್‌ಗಳು ಬೇಡ, ಊರಿಗೆ ಹೋಗೋಣ ಎಂದು ಕೈಸನ್ನೆ ಮಾಡುತ್ತಾಳೆ. ಮೊನ್ನೆ ನಾನು ತಾಳ್ಮೆಗೆಟ್ಟು, ಬದುಕುವ ಆಸೆಯೇ ಇಲ್ಲವೇ ನಿನಗೆ ಎಂದು ಜೋರಾಗಿ ಕೇಳಿಬಿಟ್ಟೆ. ಅಂದಿನಿಂದ ನನಗೆ ನಿದ್ದೆ ಬರುತ್ತಿಲ್ಲ. ಹದಿನೈದು ದಿನ ವಿಶ್ರಾಂತಿ ಕೊಟ್ಟು ಮತ್ತೆ ಮುಂದುವರಿಸಬಹುದೇ? ಅವಳಿಗೆ ಊಟ ಮಾಡಿಸುವುದು ಹೇಗೆ?
— ಹೆಸರು ಬೇಡ, ಚಿಂತಾಮಣಿ ತಾಲ್ಲೂಕು

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ವಿಶ್ರಾಂತಿಗೆಂದು ಹದಿನೈದು ದಿನ ನಿಲ್ಲಿಸಬೇಡಿ. ರೇಡಿಯೇಶನ್ ನಡುವೆ ನಿಂತರೆ, ಅಳಿದುಳಿದ ಕ್ಯಾನ್ಸರ್ ಕೋಶಗಳು ಆ ಬಿಡುವಿನಲ್ಲಿ ಮತ್ತೆ ವೇಗವಾಗಿ ಬೆಳೆಯುತ್ತವೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನಲ್ಲಿ ಈ ನಷ್ಟವನ್ನು ಆಮೇಲೆ ತುಂಬಿಸಿಕೊಳ್ಳುವುದು ಕಷ್ಟ. ಶನಿವಾರ, ಭಾನುವಾರದ ಬಿಡುವನ್ನು ಲೆಕ್ಕಕ್ಕೆ ಹಿಡಿದೇ ಒಟ್ಟು ಪ್ರಮಾಣವನ್ನು ನಿಗದಿ ಮಾಡಿರುತ್ತಾರೆ. ಈಗಾಗಲೇ ಒಂದೆರಡು ದಿನ ತಪ್ಪಿದ್ದರೆ ಗಾಬರಿ ಬೇಡ. ಒಂದೇ ದಿನ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಿಟ್ಟಿಂಗ್ ಕೊಟ್ಟು ಸರಿದೂಗಿಸುವ ಕ್ರಮವೂ ಇದೆ. ಅದನ್ನು ನಿಮ್ಮ ವೈದ್ಯರು ನಿರ್ಧರಿಸುತ್ತಾರೆ. ಕೀಮೋ ವಿಷಯ ಬೇರೆ. ರಕ್ತದ ಎಣಿಕೆ ಇಳಿದಿದ್ದರೆ ಅಥವಾ ಮೂತ್ರಪಿಂಡದ ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡರೆ ಒಂದು ವಾರದ ಸಿಸ್ಪ್ಲಾಟಿನ್ ಅನ್ನು ಅವರೇ ಕೈಬಿಡಬಹುದು. ಆಗ ಚಿಕಿತ್ಸೆಯೇ ಕೈತಪ್ಪಿತು ಎಂದು ತಿಳಿಯಬೇಕಾಗಿಲ್ಲ.

ಇನ್ನು ಊಟದ ವಿಷಯ. ನಿಮ್ಮ ಶ್ರೀಮತಿಯವರು ಮುಖ ತಿರುಗಿಸುವುದನ್ನು ನೀವು ಬದುಕಿನ ಆಸೆ ಬತ್ತಿಹೋದುದರ ಗುರುತೆಂದು ತಿಳಿದಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ಈ ಚಿಕಿತ್ಸೆಯಲ್ಲಿ ಬಾಯಿಯ ಒಳಪದರ ಎರಡನೆಯ ವಾರದ ಕೊನೆಗೆ ಕೆಂಪಾಗಿ, ನಾಲ್ಕು ಐದನೆಯ ವಾರದ ಹೊತ್ತಿಗೆ ಸುಲಿದುಬರುತ್ತದೆ. ಹಾಗೆ ಸುಲಿದ ಬಾಯಿಗೆ ನೀರು ಸೋಕಿದರೂ ಉರಿಯುತ್ತದೆ, ಉಗುಳು ನುಂಗಿದರೂ ಪ್ರಾಣ ಹೋದಂತಾಗುತ್ತದೆ, ನಾಲಿಗೆ ಹೊರಳಿಸಿ ಮಾತನಾಡುವುದಂತೂ ದೂರದ ಮಾತು. ಅವರ ಮೌನಕ್ಕೂ ಬಹುಮಟ್ಟಿಗೆ ಈ ನೋವೇ ಕಾರಣವಿರಬೇಕು. ಆದ್ದರಿಂದ ಅವರನ್ನು ಒಲಿಸುವ ಪ್ರಯತ್ನವನ್ನು ಸದ್ಯಕ್ಕೆ ಬದಿಗಿಟ್ಟು, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ "ಊಟ ಸೇರುತ್ತಿಲ್ಲ" ಎನ್ನುವ ಬದಲು "ನೋವಿನಿಂದ ನುಂಗಲಾಗುತ್ತಿಲ್ಲ, ಆರು ಕೆ.ಜಿ. ಇಳಿದಿದ್ದಾರೆ, ರಾತ್ರಿ ನಿದ್ದೆಯಿಲ್ಲ" ಎಂದು ಹೇಳಿ. ಮೊದಲನೆಯ ಮಾತಿಗೆ ಟಾನಿಕ್ ಸಿಗುತ್ತದೆ, ಎರಡನೆಯದಕ್ಕೆ ನೋವಿನ ಚಿಕಿತ್ಸೆ ಸಿಗುತ್ತದೆ.

ಆ ಚಿಕಿತ್ಸೆ ಮಾರ್ಫಿನ್ ವರೆಗೂ ಹೋಗಬಹುದು. ಮಾರ್ಫಿನ್ ಎಂದೊಡನೆ ನಮ್ಮ ಮನೆಗಳಲ್ಲಿ, ಇನ್ನು ಆಸೆ ಇಲ್ಲವೇನೋ ಎಂಬ ಭಯವೂ, ಚಟವಾಗಿಬಿಡುತ್ತದೆಂಬ ಅಳುಕೂ ಒಟ್ಟಿಗೆ ಹುಟ್ಟಿಕೊಳ್ಳುತ್ತವೆ. ಇಲ್ಲಿ ಅದನ್ನು ಕೊಡುವುದು ಗುಣವಾಗಬೇಕಾದವರು ಚಿಕಿತ್ಸೆಯನ್ನು ಪೂರ್ತಿ ಮುಗಿಸಲಿ ಎಂದು. ಹುಣ್ಣು ಮಾಗುತ್ತಿದ್ದಂತೆ ವೈದ್ಯರೇ ಹಂತಹಂತವಾಗಿ ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಮಾತ್ರೆ ನುಂಗಲಾಗದವರಿಗೆ ದ್ರವರೂಪದಲ್ಲಿ ಕೊಡುವ ವ್ಯವಸ್ಥೆಯಿದೆ. ದಿನಕ್ಕೆ ಇಷ್ಟು ಸಲ, ಇಂತಿಷ್ಟು ಹೊತ್ತಿಗೆ ಎಂದು ಬರೆದುಕೊಟ್ಟಂತೆಯೇ ಕೊಡಿ, ನೋವು ಏರಿದ ಮೇಲೆ ಕೊಡೋಣ ಎಂದು ಕಾಯಬೇಡಿ. ಊಟದ ಹೊತ್ತು ಔಷಧಿ ಕೊಟ್ಟ ಅರ್ಧ ಗಂಟೆ, ಮುಕ್ಕಾಲು ಗಂಟೆಯ ಅನಂತರ ಬರುವಂತೆ ನೋಡಿಕೊಳ್ಳಿ. ಈ ಔಷಧಿಯಿಂದ ಮಲಬದ್ಧತೆ ಆಗಿಯೇ ಆಗುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಅದಕ್ಕೊಂದು ಔಷಧಿಯನ್ನು ಕೇಳಿ ಬರೆಸಿಕೊಳ್ಳಿ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಉಸಿರು ತೀರಾ ನಿಧಾನವಾದರೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಾಯಿಯನ್ನು ಶುಚಿಯಾಗಿಡುವುದು ಔಷಧಿಯಷ್ಟೇ ಮುಖ್ಯ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಿಗೆ ಸೋಡ ಹಾಕಿ, ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಲಿ. ಉಳಿದ ನೀರನ್ನು ಮಾರನೆಯ ದಿನಕ್ಕೆ ಇಡಬೇಡಿ. ನೂಲಿನಂತೆ ಎಳೆಯೆಳೆಯಾಗಿ ಬರುವ ಗಟ್ಟಿ ಜೊಲ್ಲು ಇದರಿಂದ ಸಡಿಲವಾಗುತ್ತದೆ. ರಾತ್ರಿ ಆ ಜೊಲ್ಲು ಗಂಟಲಿಗಿಳಿದು ಕೆಮ್ಮು ಬರಿಸುವುದರಿಂದ ತಲೆಯ ಕಡೆ ದಿಂಬು ಏರಿಸಿ ಮಲಗಿಸಿ. ಅಂಗಡಿಯಲ್ಲಿ ಸಿಗುವ ಆಲ್ಕೋಹಾಲ್ ಬೆರೆತ ಮೌತ್‌ವಾಶ್ ಬೇಡವೇ ಬೇಡ. ಮರಗಟ್ಟಿಸುವ ಲಿಗ್ನೋಕೇನ್ ದ್ರಾವಣ ಕೊಟ್ಟಿದ್ದರೆ, ಅದನ್ನು ಹಚ್ಚಿದ ಮೇಲೆ ಗಂಟಲೂ ಜೋಮುಹಿಡಿಯುವುದರಿಂದ, ನಿಧಾನವಾಗಿ ಸಣ್ಣ ಗುಟುಕುಗಳಲ್ಲಷ್ಟೇ ಕುಡಿಸಬೇಕು. ಬಾಯೊಳಗೆ ಮೊಸರು ಒಡೆದಂತೆ ಬಿಳಿ ಪದರ ಕಂಡರೆ ವೈದ್ಯರಿಗೆ ತೋರಿಸಿ. ಅದು ಬೂಷ್ಟಿನ ಸೋಂಕಾಗಿದ್ದರೆ ಬೇರೆ ಔಷಧಿ ಬೇಕು.

ನಳಿಕೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಹಾಕಿಸಿಬಿಡಿ ಎಂದೇ ಹೇಳುತ್ತೇನೆ. ತೂಕ ನೂರಕ್ಕೆ ಹತ್ತು ಭಾಗಕ್ಕಿಂತ ಹೆಚ್ಚು ಇಳಿದಿದೆ, ಇನ್ನೂ ಒಂಬತ್ತು ಸಿಟ್ಟಿಂಗ್ ಉಳಿದಿವೆ, ಮತ್ತು ಹುಣ್ಣು ಕೊನೆಯ ಸಿಟ್ಟಿಂಗಿನ ನಂತರವೂ ಒಂದೆರಡು ವಾರ ಉಲ್ಬಣವಾಗಿಯೇ ಇರುತ್ತದೆ. ನೀವು ಕೊಡುತ್ತಿರುವ ತಿಳಿಗಂಜಿಯಲ್ಲಿ ನೀರೇ ಹೆಚ್ಚು. ಅವರ ಈಗಿನ ತೂಕಕ್ಕೆ ದಿನಕ್ಕೆ ಸುಮಾರು 1,400ರಿಂದ 1,600 ಕ್ಯಾಲೊರಿಯೂ 55ರಿಂದ 70 ಗ್ರಾಂ ಪ್ರೋಟೀನೂ ಬೇಕು. ಎರಡೆರಡು ಚಮಚದಲ್ಲಿ ಅದನ್ನು ತುಂಬಿಸಲು ಯಾವ ಗಂಡನಿಗೂ ಸಾಧ್ಯವಿಲ್ಲ. ಆದರೆ ಒಪ್ಪಿಸುವ ರೀತಿ ಬೇರೆಯಾಗಲಿ. ನೀವು ಶಿಕ್ಷಕರು; ಒಂದು ಸ್ಲೇಟನ್ನೋ ನೋಟ್‌ಬುಕ್ಕನ್ನೋ ಅವರ ಕೈಗೆ ಕೊಟ್ಟು, ಹಿಂದಿನ ಸಲ ನಳಿಕೆಯಿಂದ ಏನು ಕಷ್ಟವಾಯಿತು ಎಂದು ಕೇಳಿ. ಬರೆಯಲು ಬಾರದಿದ್ದರೆ ನೀವು ಒಂದೊಂದಾಗಿ ಕೇಳಿ, ಅವರು ತಲೆಯಾಡಿಸಲಿ. ಹಾಕುವಾಗಿನ ನೋವೇ, ಮೂಗಿಗೆ ಅಂಟಿಸಿದ ಪಟ್ಟಿಯ ಕಿರಿಕಿರಿಯೇ, ನೋಡಲು ಬಂದವರ ಮುಂದೆ ಆದ ಸಂಕೋಚವೇ ಎಂಬುದು ತಿಳಿದರೆ ಒಂದೊಂದಕ್ಕೂ ದಾರಿಯಿದೆ. ಸಪೂರ ನಳಿಕೆ ಇದೆ, ಜೆಲ್ ಹಚ್ಚಿ ಹಾಕುತ್ತಾರೆ, ನೋಡಲು ಬರುವವರನ್ನು ಒಂದು ತಿಂಗಳು ಬರಬೇಡಿರೆಂದು ಹೇಳುವ ಹೊಣೆಯನ್ನು ನೀವು ಹೊರಬಹುದು. ಬಾಯಿ ಮಾಗಿ ನುಂಗಲು ಬಂದೊಡನೆ ಅದನ್ನು ತೆಗೆಯುತ್ತಾರೆ. ಇಷ್ಟೆಲ್ಲ ತಿಳಿಸಿದ ಮೇಲೂ ಅವರು ಒಲ್ಲೆನೆಂದರೆ, ಆ ಮಾತಿಗೆ ಬೆಲೆ ಕೊಟ್ಟು ಬೇರೆ ಮಾರ್ಗವೇನೆಂದು ವೈದ್ಯರನ್ನು ಕೇಳಬೇಕೇ ಹೊರತು ಕೈಹಿಡಿದು ಹಾಕಿಸಬಾರದು.

ನಳಿಕೆ ಹಾಕಿದ ಮೇಲೆ ಅದರಲ್ಲಿ ಕೊಡುವುದನ್ನು ದಾದಿಯರಿಂದ ಕಲಿತುಕೊಳ್ಳಿ. ಹಾಲು, ಬೇಳೆಕಟ್ಟು, ರಾಗಿ ಹುರಿಹಿಟ್ಟಿನ ಅಂಬಲಿ, ತಿನ್ನುವವರಾದರೆ ಚೆನ್ನಾಗಿ ಬೇಯಿಸಿ ರುಬ್ಬಿದ ಮೊಟ್ಟೆ, ಎಲ್ಲವನ್ನೂ ತೆಳುಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಿರುವಾಗ, ಒಂದು ಸಲಕ್ಕೆ 200ರಿಂದ 250 ಮಿ.ಲೀ.ನಂತೆ ಎರಡು ಮೂರು ಗಂಟೆಗೊಮ್ಮೆ ಕೊಡಬಹುದು. ಸೋಸದೆ ಕೊಟ್ಟ ರಾಗಿ ನಳಿಕೆಯಲ್ಲಿ ಗಂಟುಕಟ್ಟುತ್ತದೆ. ಕೊಡುವಾಗ ಅವರು ಒರಗಿ ಕುಳಿತಿರಲಿ, ಕೊಟ್ಟ ಮೇಲೂ ಒಂದು ಗಂಟೆ ಮಲಗಬಾರದು. ಕೊನೆಗೆ ಸ್ವಲ್ಪ ಶುದ್ಧ ನೀರು ಬಿಟ್ಟು ನಳಿಕೆ ತೊಳೆಯಿರಿ. ಕೆಮ್ಮು, ಉಬ್ಬಸ ಬಂದರೆ ತಕ್ಷಣ ನಿಲ್ಲಿಸಿ. ನಳಿಕೆ ಜಾರಿಬಂದರೆ ನೀವಾಗಿ ಒಳಗೆ ತಳ್ಳಬಾರದು, ಏಕೆಂದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಬಾಯಿಂದ ನುಂಗುವುದನ್ನು ಪೂರ್ತಿ ಮರೆಯದಿರಲೆಂದು, ವೈದ್ಯರು ಒಪ್ಪಿದರೆ ದಿನಕ್ಕೆ ಕೆಲವು ಗುಟುಕು ನೀರನ್ನು ಬಾಯಿಯಿಂದಲೇ ಕುಡಿಯಲಿ. ಬಾಯಿ ಅಗಲಿಸುವ ವ್ಯಾಯಾಮವನ್ನು ಹೇಳಿಕೊಟ್ಟಿದ್ದರೆ ಬಿಡಬಾರದು. ಬಿಟ್ಟರೆ ದವಡೆ ಬಿಗಿದುಕೊಂಡು ಮುಂದೆ ಊಟಕ್ಕೇ ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ.

ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೀಮೋದಿಂದ ಬಿಳಿ ರಕ್ತಕಣ ಕುಸಿದಿರುವಾಗ ಬರುವ ಜ್ವರ ಗಂಟೆಗಳಲ್ಲೇ ವಿಷಮಿಸಬಲ್ಲದು. ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಅದನ್ನು ಮರೆಮಾಡಬೇಡಿ. ಮೂತ್ರ ಕಡಿಮೆಯಾದರೂ, ಕಿವಿಯಲ್ಲಿ ಗುಂಯ್ ಎಂಬ ಸದ್ದು ಬಂದರೂ ಮುಂದಿನ ಸಿಸ್ಪ್ಲಾಟಿನ್‌ಗೆ ಮೊದಲು ಹೇಳಿ. ನೆಂಟರು ತಂದುಕೊಡುವ ಕಷಾಯ, ಲೇಹ್ಯಗಳು ಸದ್ಯಕ್ಕೆ ಬೇಡ. ಮೂತ್ರಪಿಂಡಕ್ಕೆ ಈಗಿರುವ ಹೊರೆಯೇ ಸಾಕು.

ಕೊನೆಯ ಸಿಟ್ಟಿಂಗ್ ಮುಗಿದ ಮಾರನೆಯ ದಿನವೇ ಸುಖ ಎಂದು ಇಬ್ಬರೂ ಎದುರು ನೋಡಬೇಡಿ. ಹುಣ್ಣು ಮಾಗಲು ಸಾಮಾನ್ಯವಾಗಿ ಒಂದು ತಿಂಗಳು, ಕೆಲವರಿಗೆ ಎರಡು ತಿಂಗಳು ಹಿಡಿಯುತ್ತದೆ. ರುಚಿ ತಿಂಗಳುಗಳ ಮೇಲೆ ಒಂದೊಂದಾಗಿ ಮರಳುತ್ತದೆ. ಬಾಯಿ ಒಣಗುವುದು ಇನ್ನೂ ಹೆಚ್ಚು ಕಾಲ ಉಳಿಯಬಹುದು. ರೇಡಿಯೇಶನ್ ಪಡೆದ ದವಡೆಯ ಮೂಳೆ ಸುಲಭಕ್ಕೆ ಮಾಯುವುದಿಲ್ಲವಾದ್ದರಿಂದ, ಎಷ್ಟೇ ವರ್ಷ ಕಳೆದಿದ್ದರೂ ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಈ ಚಿಕಿತ್ಸೆಯ ವಿಷಯ ತಿಳಿಸಲೇಬೇಕು. ಹೊಗೆಸೊಪ್ಪಿನ ಮಾತೆತ್ತಿ ಅವರನ್ನು ದೂರುವವರಿದ್ದರೆ ತಡೆಯಿರಿ. ಆದರೆ ಹೊಗೆಸೊಪ್ಪಿಲ್ಲದ ಬರಿ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಘೋಷಿಸಿರುವುದರಿಂದ, ಊರಿಗೆ ಮರಳುವ ಮೊದಲೇ ಎಲೆ ಅಡಿಕೆಯ ತಟ್ಟೆ ಮನೆಯಿಂದ ಹೊರಹೋಗಿರಲಿ, ನಿಮ್ಮ ಪಾಲಿನದೂ ಸೇರಿ.

ನೀವು ಜೋರಾಗಿ ಕೇಳಿದ ಆ ಮಾತನ್ನು ಅವರು ಮರೆತಿರಲಾರರು. "ನಿನಗೆ ಇಷ್ಟು ನೋವಿರುವುದು ನನಗೆ ತಿಳಿಯಲಿಲ್ಲ" ಎಂದು ಹತ್ತಿರ ಕುಳಿತು ಹೇಳಿ. ಅದಕ್ಕೆ ಉತ್ತರ ನಿರೀಕ್ಷಿಸಬೇಡಿ. ಮಗಳನ್ನೋ ತಮ್ಮನನ್ನೋ ಕರೆಸಿ ವಾರದಲ್ಲಿ ಎರಡು ರಾತ್ರಿಯಾದರೂ ಬೇರೆಯವರು ಅವರ ಬಳಿ ಇರುವಂತೆ ಏರ್ಪಾಡು ಮಾಡಿಕೊಂಡು ನೀವು ನಿದ್ದೆ ಮಾಡಿ. ಔಷಧಿಯ ಹೊತ್ತು ತಪ್ಪಿಸದೆ ನೋಡಿಕೊಳ್ಳುವವರು ಸದ್ಯಕ್ಕೆ ನೀವೊಬ್ಬರೇ. ಮನಸ್ಸು ತೀರಾ ಕುಗ್ಗಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ನಮ್ಮ ಯಜಮಾನರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ, ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಡ್ರಿಪ್ಪೂ, ಹದಿನಾಲ್ಕು ದಿನ ಕ್ಯಾಪೆಸಿಟಬಿನ್ ಮಾತ್ರೆಯೂ ನಡೆದಿದೆ. ಡ್ರಿಪ್ ಆದ ದಿನ ಸ್ಟೀಲ್ ಲೋಟ ಮುಟ್ಟಿದರೆ ಶಾಕ್ ಹೊಡೆದಂತಾಗುತ್ತದೆ ಎನ್ನುತ್ತಾರೆ. ತಣ್ಣನೆಯ ಮಜ್ಜಿಗೆ ಕುಡಿದಾಗ ಉಸಿರೇ ಕಟ್ಟಿದಂತಾಗಿ ಹೆದರಿದರು. ಇದು ಅಪಾಯವೇ?
— ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಆಕ್ಸಾಲಿಪ್ಲಾಟಿನ್ ನರಗಳನ್ನು ಕೆರಳಿಸುವುದರಿಂದ ತಂಪು ಸೋಕಿದಲ್ಲಿ ಹೀಗಾಗುತ್ತದೆ. ಡ್ರಿಪ್ ಆದ ಕೆಲವೇ ಗಂಟೆಗಳಲ್ಲಿ ಶುರುವಾಗಿ ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಗಂಟಲು ಕಟ್ಟಿದಂತೆ ಅನ್ನಿಸಿದಾಗ ನೀವು ಗಾಬರಿಯಾಗದೆ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಸಿ, ಕುತ್ತಿಗೆಗೆ ಶಾಲು ಸುತ್ತಿ. ತಂಪು ತಗಲಿದ್ದರಿಂದ ಹೀಗಾಗಿದ್ದರೆ ಸ್ವಲ್ಪ ಹೊತ್ತಿನಲ್ಲಿ ಸಡಿಲಗೊಳ್ಳುತ್ತದೆ. ಸಡಿಲಗೊಳ್ಳದಿದ್ದರೆ, ಡ್ರಿಪ್ ನಡೆಯುವಾಗಲೇ ಬಂದರೆ, ಅಥವಾ ಮುಖ ಊದಿ ಮೈಮೇಲೆ ದದ್ದು ಎದ್ದರೆ ಅದು ಅಲರ್ಜಿಯಾಗಿರಬಹುದು, ತಕ್ಷಣ ವೈದ್ಯರು ನೋಡಬೇಕು. ಆ ಒಂದು ವಾರ ಫ್ರಿಜ್ಜಿನಿಂದ ಹಾಲು, ಮೊಸರು ತೆಗೆಯುವ ಕೆಲಸ ಅವರಿಗೆ ಬೇಡ. ನಿಮ್ಮ ಕಡೆಯ ಮಳೆಗಾಲದಲ್ಲಿ ಕಾಲುಚೀಲ, ಕೈಗವಸು ಹಾಕದೆ ಅಂಗಳಕ್ಕೆ ಇಳಿಯುವುದೂ ಬೇಡ.

ನಾನು ಹೆಚ್ಚು ಗಮನ ಕೊಡಿರೆಂದು ಹೇಳುವುದು ಇನ್ನೊಂದು ಬಗೆಯ ಜೋಮಿಗೆ. ಡ್ರಿಪ್ಪುಗಳು ಹೆಚ್ಚಿದಂತೆ ಕೈಕಾಲಿನ ಬೆರಳುಗಳಲ್ಲಿ ಮರಗಟ್ಟಿದ ಭಾವ ನಿಧಾನವಾಗಿ ನೆಲೆಸುತ್ತದೆ, ಚಿಕಿತ್ಸೆ ನಿಂತ ಮೇಲೂ ಎರಡು ಮೂರು ತಿಂಗಳು ಏರುತ್ತ ಹೋಗಬಹುದು. ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆಂಬ ಹೆದರಿಕೆಯಿಂದ ಗಂಡಸರು ಇದನ್ನು ಹೇಳದೆ ಮುಚ್ಚಿಡುವುದು ಸಾಮಾನ್ಯ. ಅಂಗಿಯ ಗುಂಡಿ ಹಾಕಲು ತಡವರಿಸುತ್ತಾರೆಯೇ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದೆ ನಡೆಯುತ್ತಾರೆಯೇ ಎಂದು ನೀವು ಗಮನಿಸಿ, ಪ್ರತಿ ಡ್ರಿಪ್ಪಿಗೆ ಮೊದಲು ವೈದ್ಯರಿಗೆ ತಿಳಿಸಿ. ಆ ಔಷಧಿಯ ಪ್ರಮಾಣವನ್ನು ತಗ್ಗಿಸಿ ಅಥವಾ ಅದೊಂದನ್ನೇ ಬಿಟ್ಟು ಮಾತ್ರೆಯನ್ನು ಮುಂದುವರಿಸುವುದುಂಟು. ಅಂಗಾಲು, ಅಂಗೈ ಕೆಂಪಾಗಿ ಸುಲಿಯತೊಡಗಿದರೆ, ಅಥವಾ ದಿನನಿತ್ಯಕ್ಕಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ, ಅದು ಕ್ಯಾಪೆಸಿಟಬಿನ್ ಪರಿಣಾಮ. ಮುಂದಿನ ಮಾತ್ರೆ ಕೊಡುವ ಮೊದಲು ಫೋನ್ ಮಾಡಿ ಕೇಳಿ. ಜೋಮು ಹಿಡಿದ ಕಾಲಿಗೆ ಬಿಸಿಯೂ ತಿಳಿಯುವುದಿಲ್ಲವಾದ್ದರಿಂದ ಬಚ್ಚಲ ಹಂಡೆಯ ನೀರನ್ನು ಅವರು ಮೈಮೇಲೆ ಸುರಿದುಕೊಳ್ಳುವ ಮುನ್ನ ನಿಮ್ಮ ಮೊಣಕೈ ಅದ್ದಿ ಹದ ನೋಡಿ.