ಅಂಗಡಿಗಳ ಲೋಡ್ ಗೊತ್ತಿಲ್ಲ, ಶಾಫ್ಟ್ ಚಿಕ್ಕದು: ಕೆಲಸ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಗರದ ನಡುಮಧ್ಯೆ ಆರು ಮಹಡಿಯ ಶಾಪಿಂಗ್ ಮಾಲ್ ಕಟ್ಟುತ್ತಿದ್ದೇವೆ. ನಾನು ಎಲೆಕ್ಟ್ರಿಕಲ್ ಸೂಪರ್‌ವೈಸರ್. ಯಾವ ಅಂಗಡಿಯವರು ಬರುತ್ತಾರೆ, ಎಷ್ಟು ಲೋಡ್ ಕೇಳುತ್ತಾರೆ ಅನ್ನೋದು ಇನ್ನೂ ಗೊತ್ತಿಲ್ಲ. ಕೇಬಲ್ ಏರಿಸುವ ಶಾಫ್ಟ್ ತುಂಬಾ ಚಿಕ್ಕದು. ಪ್ಲಂಬಿಂಗ್, ಎಸಿ ಕೆಲಸವೂ ಒಟ್ಟಿಗೇ ನಡೆಯುತ್ತಿದೆ. ಹಗಲಲ್ಲಿ ದೊಡ್ಡ ಲಾರಿ ಒಳಗೆ ಬಿಡುವುದಿಲ್ಲ. ಏನು ಮಾಡಲಿ ಸರ್?

ಉತ್ತರ: ಶಾಫ್ಟ್‌ನಿಂದಲೇ ಶುರು ಮಾಡಿ. ಒಂದೊಂದು ಅಂಗಡಿಗೂ ಕೆಳಗಿನಿಂದ ಬೇರೆ ಕೇಬಲ್ ಎಳೆಯಬೇಡಿ. ಜಾಗ ತುಂಬಿಹೋಗುತ್ತದೆ. ಒತ್ತೊತ್ತಾಗಿರುವ ಕೇಬಲ್‌ಗಳ ಬಿಸಿ ಹೊರಗೆ ಹೋಗುವುದಿಲ್ಲ, ಹಾಗಾಗಿ ಅವು ಹೊರುವ ಕರೆಂಟೂ ಕಡಿಮೆಯಾಗುತ್ತದೆ. ನಿಮ್ಮ ಕಟ್ಟಡಕ್ಕೆ ಬಸ್‌ಬಾರ್ ಟ್ರಂಕಿಂಗೇ ಸರಿ, ಅಂದರೆ ಕೇಬಲ್ ಬದಲು ಪೆಟ್ಟಿಗೆಯಂಥ ಕವಚದೊಳಗಿನ ದಪ್ಪ ಲೋಹದ ಪಟ್ಟಿಗಳಲ್ಲಿ ಕರೆಂಟು ಏರಿಸುವುದು. ಪ್ರತಿ ಮಹಡಿಯಲ್ಲಿ ಟ್ಯಾಪ್-ಆಫ್ ಜಾಗ, ಅಂದರೆ ಬಸ್‌ಬಾರ್‌ನಿಂದ ಅಂಗಡಿಗೆ ಕರೆಂಟು ತೆಗೆಯುವ ಜಾಗ, ಬಿಟ್ಟುಕೊಳ್ಳಿ. ಬಟ್ಟೆ ಅಂಗಡಿ ಹೋಗಿ ಅದೇ ಜಾಗಕ್ಕೆ ರೆಸ್ಟೋರೆಂಟ್ ಬಂದರೆ ಟ್ಯಾಪ್-ಆಫ್ ಬಾಕ್ಸು, ಅಲ್ಲಿಂದ ಮುಂದಿನ ಕೇಬಲ್ಲು ಬದಲಿಸಿದರೆ ಮುಗೀತು. ಆದರೆ ಮುಖ್ಯ ಬಸ್‌ಬಾರ್‌ನಲ್ಲಿ ಮೊದಲೇ ಕೈಬಿಚ್ಚಿ ಜಾಸ್ತಿ ಆಂಪಿಯರ್ ಇಟ್ಟಿರಬೇಕು. ಆಮೇಲೆ ಅದನ್ನು ದೊಡ್ಡದು ಮಾಡುವುದು ಆಗದ ಮಾತು.

ಟ್ರಾನ್ಸ್‌ಫಾರ್ಮರನ್ನು ಆದಷ್ಟೂ ಲೋಡಿನ ಹತ್ತಿರ ಕೂರಿಸಿ. 1000 ಕೆವಿಎ ಲೋಡಿಗೆ ಟ್ರಾನ್ಸ್‌ಫಾರ್ಮರಿಗೆ ಬರುವ 11,000 ವೋಲ್ಟ್ ಕಡೆ ಹರಿಯುವುದು ಸುಮಾರು 52 ಆಂಪಿಯರ್. ಅದೇ ಅಂಗಡಿಗಳಿಗೆ ಹೋಗುವ 415 ವೋಲ್ಟ್ ಕಡೆ ಸುಮಾರು 1390! ದಪ್ಪ ತಾಮ್ರ ಎಷ್ಟು ದೂರ ಓಡಬೇಕು ಅನ್ನೋದು ಟ್ರಾನ್ಸ್‌ಫಾರ್ಮರ್ ಎಲ್ಲಿ ಕೂರುತ್ತದೆ ಅನ್ನೋದರ ಮೇಲೇ ನಿಂತಿದೆ. ಇನ್ನು, ದುಡ್ಡು ಉಳಿಸಲು ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿ) ಸಣ್ಣದು ಮಾಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂಗಡಿ ತುಂಬ ಎಲ್‌ಇಡಿ ದೀಪ, ಕಂಪ್ಯೂಟರ್ ಇರುತ್ತವೆ. ಅವುಗಳ ಮೂರನೇ ಹಾರ್ಮೋನಿಕ್ ಕರೆಂಟು (ಮೂಲ ಕರೆಂಟಿನ ಮೂರು ಪಟ್ಟು ವೇಗದಲ್ಲಿ ಏರಿಳಿಯುವ ಕರೆಂಟು), ಮೂರೂ ಫೇಸ್ ಸರಿಸಮ ಇದ್ದರೂ, ನ್ಯೂಟ್ರಲ್‌ನಲ್ಲಿ ಒಂದಕ್ಕೊಂದು ಸೇರಿಕೊಳ್ಳುತ್ತದೆ.

ನನಗೆ ನಿಜವಾಗಿ ಭಯ ಇರುವುದು ನೀರಿನದು. ಒಂದು ಸೈಟಿನಲ್ಲಿ ಬಸ್‌ಬಾರ್ ಜೋಡಿಸಿ ಮೆಗ್ಗರ್ (ಇನ್ಸುಲೇಶನ್ ಗಟ್ಟಿಯಿದೆಯೇ ಅಂತ ಅಳೆಯುವ ಉಪಕರಣ) ಹಚ್ಚಿದಾಗ ನೂರಾರು ಮೆಗಾಓಮ್ ತೋರಿಸಿತ್ತು. ಮಾರನೇ ವಾರ ನೋಡಿದರೆ ಒಂದಕ್ಕಿಂತ ಕಡಿಮೆ. ಮೇಲಿನ ಮಹಡಿಯಲ್ಲಿ ಪೈಪ್ ಟೆಸ್ಟ್ ಮಾಡಿದ್ದ ನೀರು ಶಾಫ್ಟ್ ಗೋಡೆ ಹಿಡಿದು ಇಳಿದು ಜಾಯಿಂಟ್ ಒಳಗೆ ಸೇರಿತ್ತು. ಎಲ್ಲ ಬಿಚ್ಚಿ, ಒಣಗಿಸಿ, ಮತ್ತೆ ಜೋಡಿಸಿದೆವು. ಅದಕ್ಕೇ ಹೇಳುತ್ತೇನೆ, ಪ್ರತಿ ತುಂಡನ್ನೂ ಏರಿಸುವ ಮುಂಚೆ ಮೆಗ್ಗರ್ ಮಾಡಿ. ಪ್ರತಿ ಜಾಯಿಂಟ್ ಆದಮೇಲೂ ಮಾಡಿ, ಬರೆದಿಡಿ. ಬಸ್‌ಬಾರ್‌ನ ತೆರೆದ ಬಾಯಿಗೆ ಪ್ಲಾಸ್ಟಿಕ್ ಸುತ್ತಿಡಿ. ಪ್ಯಾನೆಲ್ ರೂಮಿನ ಮೇಲೆ ನೀರಿನ ಪೈಪ್ ಹಾಯದಂತೆ ಪ್ಲಂಬಿಂಗ್‌ನವರ ಜೊತೆ ಕೂತು ಡ್ರಾಯಿಂಗ್ ನೋಡಿ. ಫೋನಿನಲ್ಲಿ ಹೇಳಿದರೆ ಸಾಲದು.

ಬಸ್‌ಬಾರ್ ಜಾಯಿಂಟಿನ ಬೋಲ್ಟನ್ನು ಸುಮ್ನೆ ಕೈಯಂದಾಜಿನಲ್ಲಿ ಬಿಗಿಯಬೇಡಿ. ತಯಾರಕರು ಹೇಳಿದ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಟಾರ್ಕ್ ರೆಂಚಿನಲ್ಲೇ ಬಿಗಿದು, ನಟ್ಟಿನಿಂದ ಪಟ್ಟಿಯವರೆಗೆ ಬಣ್ಣದ ಗೆರೆ ಎಳೆಯಿರಿ. ನಟ್ಟು ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಎಷ್ಟೋ ಕಡೆ ಸುಟ್ಟ ಜಾಯಿಂಟಿಗೆ ಕಾರಣ ಈ ಸಡಿಲವೇ.

ಫೈರ್ ಪಂಪ್, ಹೊಗೆ ಹೊರಹಾಕುವ ಫ್ಯಾನು, ಇವಕ್ಕೆ ಬೆಂಕಿ ತಡೆಯುವ ಕೇಬಲ್, ಬೇರೆಯದೇ ದಾರಿ. ಶಾಫ್ಟ್ ಪ್ರತಿ ಸ್ಲ್ಯಾಬ್ ದಾಟುವಲ್ಲಿ ಫೈರ್ ಸೀಲ್, ಅಂದರೆ ಬೆಂಕಿ, ಹೊಗೆ ದಾಟದಂತೆ ತೂತು ಮುಚ್ಚುವುದು, ಆಗಲೇಬೇಕು. ಆಮೇಲೆ ಹೊಸ ಕೇಬಲ್ ಎಳೆದವರು ತೂತನ್ನು ಹಾಗೇ ಬಿಟ್ಟು ಹೋಗುವುದು ಜಾಸ್ತಿ, ಕಣ್ಣಿಟ್ಟಿರಿ.

ಲಾರಿ ವಿಷಯ ಕೊನೆಗೆ ಬಂತು, ಆದರೆ ಇದು ಇದೇ ವಾರದ ಕೆಲಸ. ಟೇಪ್ ಹಿಡಿದು ಗೇಟಿನಿಂದ ಟ್ರಾನ್ಸ್‌ಫಾರ್ಮರ್ ರೂಮಿನವರೆಗೆ ನೀವೇ ನಡೆಯಿರಿ. ಬಾಗಿಲ ಅಗಲ, ರ‍್ಯಾಂಪಿನ ತಿರುವು, ತೊಲೆಯ ಎತ್ತರ ಎಲ್ಲ ಅಳೆಯಿರಿ. ಟ್ರಾಲಿಯ ಎತ್ತರ ಸೇರಿಸುವುದು ಮರೆಯಬೇಡಿ. ಎಲ್ಲಾದರೂ ತೂರದಿದ್ದರೆ, ಆ ಗೋಡೆ ಕಟ್ಟಬೇಡಿ ಅಂತ ಮೇಸ್ತ್ರಿಗೆ ಇವತ್ತೇ ಹೇಳಿ.