ದೃಶ್ಯ ಸಂಸ್ಕೃತಿ ಓದುವವರು ಯಾವ ಸಿದ್ಧಾಂತದಿಂದ ಶುರು ಮಾಡಬೇಕು?

ದೃಶ್ಯ ಸಂಸ್ಕೃತಿ, ಅಂದರೆ ಕಲೆ, ಸಿನಿಮಾ, ಜಾಹೀರಾತು ಓದುವುದಕ್ಕೆ ಸೆಮಿಯಾಟಿಕ್ಸ್ (ಸಂಕೇತಗಳ ಅಧ್ಯಯನ) ಮೊದಲೋ, ಸ್ತ್ರೀವಾದಿ ವಿಮರ್ಶೆ ಮೊದಲೋ ಎಂದು ಕೇಳಿದ್ದೀರಿ. ನಾನೂ ಇದೇ ಗೊಂದಲ ದಾಟಿ ಬಂದವನು, ಅದಕ್ಕೇ ಸುತ್ತಿ ಬಳಸದೆ ಹೇಳುತ್ತೇನೆ: ಸದ್ಯಕ್ಕೆ ಎರಡೂ ಬೇಡ. ಒಂದು ಕೃತಿ ಹಿಡಿಯಿರಿ. ಯಾವ ಸಿದ್ಧಾಂತ ಬೇಕೆಂದು ಅದೇ ಕೇಳುತ್ತದೆ.

ಕಲಾವಿದ ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮಾಡಿದ, ರಾಸ್ ಎಂಬಾತನ ಭಾವಚಿತ್ರವೆಂದು ಹೆಸರಿಟ್ಟ ಕೃತಿ ತೆಗೆದುಕೊಳ್ಳಿ. ಬಣ್ಣದ ಕಾಗದ ಸುತ್ತಿದ ಪೆಪ್ಪರ್‌ಮಿಂಟುಗಳ ರಾಶಿ, ಅಷ್ಟೇ. ನೋಡಲು ಬಂದವರು ಒಂದೊಂದು ಎತ್ತಿಕೊಂಡು ಹೋಗಬಹುದು. ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ.

ಇದರ ಬಗ್ಗೆ ಹೊಸಬರು ಬರೆಯುವ ಮೊದಲ ವಾಕ್ಯ: ‘ಈ ಕೃತಿ ಗ್ರಾಹಕ ಸಂಸ್ಕೃತಿಯನ್ನು ಪ್ರಶ್ನಿಸುತ್ತದೆ.’ ಎಲ್ಲ ಕೆಡುವುದು ಇಲ್ಲೇ. ವಾಕ್ಯ ಸುಳ್ಳಲ್ಲದೆಯೂ ಇರಬಹುದು. ಆದರೆ ಕೃತಿಯ ಹೆಸರು ಅಳಿಸಿ ಅಂಗಡಿಯ ಸಾಬೂನು ಪೆಟ್ಟಿಗೆಗಳಂತೆಯೇ ಕಾಣುವ, ಕಲಾವಿದ ಆಂಡಿ ವಾರ್‌ಹೋಲನ ಬ್ರಿಲ್ಲೋ ಡಬ್ಬಿಗಳ ಹೆಸರು ಹಾಕಿ ನೋಡಿ, ಒಂದಕ್ಷರ ಅಲುಗುವುದಿಲ್ಲ. ಹಾಗೆ ಅಲುಗದ ವಾಕ್ಯವನ್ನು ಹೊಡೆದುಹಾಕಿ. ಹೀಗೇಕಾಗುತ್ತದೆಂದರೆ, ಸಿದ್ಧಾಂತದ ಪ್ರಬಂಧಗಳಲ್ಲಿ ನಮಗೆ ನೆನಪುಳಿಯುವುದು ತೀರ್ಮಾನ. ಅದಕ್ಕೆ ಆಧಾರವಾದ ಪುರಾವೆ ಮರೆತುಹೋಗುತ್ತದೆ. ತೀರ್ಮಾನವನ್ನು ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದು. ಹೊತ್ತೊಯ್ದ ಮೇಲೆ ಕಣ್ಣು ಅದಕ್ಕೆ ಹೊಂದುವುದನ್ನಷ್ಟೇ ಆರಿಸುತ್ತದೆ. ಪೆಪ್ಪರ್‌ಮಿಂಟು ಸರಕು ಎನ್ನುವುದು ಕಾಣುತ್ತದೆ. ಅದನ್ನು ಪುಕ್ಕಟೆ ಕೊಡುತ್ತಿದ್ದಾರೆ, ಖಾಲಿಯಾದರೆ ಮತ್ತೆ ತುಂಬಬಹುದು, 79 ಕಿಲೋ ಎಂದು ಯಾರೋ ಗೊತ್ತುಮಾಡಿದ್ದಾರೆ ಎನ್ನುವ ಮೂರೂ ಜಾರಿಹೋಗುತ್ತವೆ. ಬರಹ ಸೋಲುವುದು ಈ ಮೂರು ತಪ್ಪಿಹೋದದ್ದರಿಂದಲೇ.

ಆದ್ದರಿಂದ ಒಂದು ಹಾಳೆ, ಇಪ್ಪತ್ತು ನಿಮಿಷ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ: ವಸ್ತು, ಎತ್ತರ, ಬೆಳಕು, ನೆಲಕ್ಕಿದೆಯೋ ಪೀಠದ ಮೇಲಿದೆಯೋ, ಮುಟ್ಟಬಹುದೋ, ಎಷ್ಟು ಹತ್ತಿರ ಬಿಡುತ್ತಾರೆ. ‘ಸಂಕೇತಿಸುತ್ತದೆ’, ‘ಸೂಚಿಸುತ್ತದೆ’ ಎಂಬ ಕ್ರಿಯಾಪದಗಳಿಗೆ ನಿಷೇಧ. ಗೋಡೆಯ ಫಲಕದಲ್ಲಿ ಓದಿದ್ದನ್ನು ಬೇರೆ ಶಾಯಿಯಲ್ಲಿ ಪಕ್ಕಕ್ಕೆ ಬರೆಯಿರಿ. ಎರಡು ಶಾಯಿ ಬೆರೆಯಕೂಡದು. ಈ ಕೃತಿಯಲ್ಲಿ ರಾಸ್ ಎಂಬ ಹೆಸರಾಗಲಿ ತೂಕವಾಗಲಿ ಬರಿಗಣ್ಣಿಗೆ ಕಾಣುವುದಿಲ್ಲ. ರಾಸ್ ಲೇಕಾಕ್ ಕಲಾವಿದನ ಸಂಗಾತಿ, ಏಡ್ಸ್‌ನಿಂದ 1991ರಲ್ಲಿ ತೀರಿಕೊಂಡವನು. ಅದು ತಿಳಿದ ಕ್ಷಣ ಕರಗುವ ರಾಶಿ ಕರಗುವ ದೇಹವಾಗಿಬಿಡುತ್ತದೆ. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನ ಫಲಕದಲ್ಲಿ ಈ ಹಿನ್ನೆಲೆ ಕಾಣದಾಗ 2022ರಲ್ಲಿ ದೊಡ್ಡ ಆಕ್ಷೇಪ ಎದ್ದು, ಫಲಕವನ್ನು ತಿದ್ದಬೇಕಾಯಿತು.

ಹಾಗಾದರೆ ಅರ್ಥ ಇರುವುದು ರಾಶಿಯಲ್ಲೋ, ಕಲಾವಿದನ ಬದುಕಿನಲ್ಲೋ, ಫಲಕದಲ್ಲೋ? ಸಿದ್ಧಾಂತಕ್ಕೆ ಕೆಲಸ ಸಿಕ್ಕಿದ್ದು ಈಗ. ಕರ್ತೃವಿನ ಉದ್ದೇಶ ಅಳತೆಗೋಲಲ್ಲ ಎಂದು ವಿಮರ್ಶಕರಾದ ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲಿ 1946ರಲ್ಲಿ ವಾದಿಸಿದ್ದು, 1967ರಲ್ಲಿ ಫ್ರೆಂಚ್ ಚಿಂತಕ ರೋಲಾಂ ಬಾರ್ತ್ ಕರ್ತೃವನ್ನೇ ಪಕ್ಕಕ್ಕೆ ಸರಿಸಿದ್ದು, ಎರಡನ್ನೂ ಈ ಪ್ರಶ್ನೆ ಹಿಡಿದುಕೊಂಡು ಓದಿ. ಕಣ್ಣಿಗೆ ಒಂದೇ ಥರ ಕಾಣುವ ಎರಡು ವಸ್ತುಗಳಲ್ಲಿ ಒಂದು ಮಾತ್ರ ಕಲೆಯಾಗುವುದು ಹೇಗೆ ಎಂದು ಕಾಡಿದರೆ ತತ್ವಜ್ಞಾನಿ ಆರ್ಥರ್ ಡಾಂಟೊ 1964ರಲ್ಲಿ ಬರೆದದ್ದು ಇದೆ.

ಸ್ತ್ರೀವಾದಿ ವಿಮರ್ಶೆ ಎಂದಿರಲ್ಲ, ಸಿನಿಮಾ ಸಿದ್ಧಾಂತಿ ಲಾರಾ ಮಲ್ವೀ 1975ರಲ್ಲಿ ಹೆಣ್ಣನ್ನು ಗಂಡಿನ ಕಣ್ಣಿಂದ ತೋರಿಸುವ ‘ನೋಟ’ದ ಬಗ್ಗೆ ಹೇಳಿದ್ದು ಹಾಲಿವುಡ್ ಕಥಾಚಿತ್ರ ಕುರಿತು. ಕ್ಯಾಮೆರಾದ ನೋಟ, ಪ್ರೇಕ್ಷಕರ ನೋಟ, ಪಾತ್ರಗಳ ನೋಟ ಮೂರೂ ಕೂಡಿದರೇ ಆ ವಾದ ನಿಲ್ಲುವುದು. ಅದನ್ನು ಕಂಡ ಕಂಡ ಚಿತ್ರಕ್ಕೆಲ್ಲ ಅಂಟಿಸುವವರು ಈ ಮೂರರಲ್ಲಿ ಎಷ್ಟು ಇವೆ ಎಂದು ಎಣಿಸುವುದೇ ಇಲ್ಲ.

ಇನ್ನೊಂದು: ನೀವು ನೋಡುತ್ತಿರುವುದು ಕೃತಿಯನ್ನೋ, ಅದರ ಫೋಟೋವನ್ನೋ? ಕಲಾವಿದ ಮಾರ್ಸೆಲ್ ಡುಷಾಂ 1917ರಲ್ಲಿ ಕಲಾಪ್ರದರ್ಶನವೊಂದಕ್ಕೆ ಕಳಿಸಿದ ಮೂತ್ರದ ಬೋಗುಣಿ ಕಳೆದುಹೋಗಿದೆ. ಅದು ಗೊತ್ತಿರುವುದು ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದ ಫೋಟೋದಿಂದ. ಇಂದು ಮ್ಯೂಸಿಯಂಗಳಲ್ಲಿ ಇರುವವು ನಂತರದ ಪ್ರತಿಗಳು, ಹೆಚ್ಚಿನವು 1964ರವು. ‘ಹೊಳೆಯುವ ಮೈ’ ಎಂದು ವರ್ಣಿಸುವ ಮೊದಲು ಯಾವುದರ ಮೈ ಎಂದು ಬರೆಯಿರಿ.

ಅಭ್ಯಾಸಕ್ಕೆ ಜಾಹೀರಾತೇ ಒಳ್ಳೆಯದು, ಕಲೆಯ ಭಯ ಇರುವುದಿಲ್ಲ. ಬಾರ್ತ್ 1964ರಲ್ಲಿ ಪಂಜಾನಿ ಪಾಸ್ತಾದ ಒಂದೇ ಒಂದು ಜಾಹೀರಾತನ್ನು ಹರವಿಟ್ಟ ರೀತಿ ನೋಡಿ: ಮೊದಲು ಅಕ್ಷರಗಳು, ಆಮೇಲೆ ಟೊಮೆಟೊ, ದಪ್ಪ ಮೆಣಸಿನಕಾಯಿ, ಕೆಂಪು-ಹಳದಿ-ಹಸಿರು ಬಣ್ಣ ಸೇರಿ ಕಟ್ಟುವ ‘ಇಟಲಿತನ’, ಕೊನೆಗೆ ಯಾವ ಸಂಸ್ಕೃತಿಯ ತಿಳಿವಳಿಕೆಯೂ ಇಲ್ಲದೆ ಕಾಣುವ ಬರಿಯ ವಸ್ತುಗಳು. ಪ್ರಬಂಧ 2000 ಪದದ್ದಾದರೆ ಮೊದಲ 500 ವಿವರಣೆಗೇ ಇರಲಿ. ಸಿದ್ಧಾಂತಿಯ ಹೆಸರು ಅದಕ್ಕಿಂತ ಮುಂಚೆ ಬಂದರೆ ಕತ್ತರಿಸಿ.