ಬೇಣದ ಮೇಲೆ ಗಾಳಿಯಂತ್ರ: ಕಂಬ ನಿಲ್ಲುವ ಮೊದಲು ಕೇಳಬೇಕಾದದ್ದು

ಓದುಗರ ಪತ್ರ: ನಮ್ಮೂರ ಮೇಲಿನ ಬೇಣದಲ್ಲಿ (ಹುಲ್ಲು ಬೆಳೆಯುವ ಗುಡ್ಡದಲ್ಲಿ) ಗಾಳಿ ಅಳೆಯುವ ಕಂಬ ನಿಲ್ಲಿಸಲು ಕಂಪನಿಯೊಂದರ ಜನ ಬಂದು ಜಾಗ ನೋಡಿ ಹೋದರು. ಅವರ ನಕ್ಷೆಯಲ್ಲಿ ಬೇಣ ‘ಬಂಜರು’ ಎಂದಿತ್ತು. ಗಾಳಿ ವಿದ್ಯುತ್ತಿಗೆ ಹೊಗೆಯಿಲ್ಲ, ಅದಕ್ಕೆ ಪರಿಸರ ಪರಿಣಾಮ ವರದಿಯೇ ಬೇಡ ಅಂದರು. ಇದು ನಿಜವೇ? ಗ್ರಾಮಸಭೆಯಲ್ಲಿ ನಾವು ಏನು ಕೇಳಬೇಕು? ಪ್ರಶ್ನೆ ಎತ್ತಿದರೆ ಶುದ್ಧ ವಿದ್ಯುತ್ತಿಗೆ ಅಡ್ಡಗಾಲು ಹಾಕಿದ ಹಾಗೆ ಆಗುವುದಿಲ್ಲವೇ? — ಓದುಗರೊಬ್ಬರು, ಕುಮಟಾ ತಾಲ್ಲೂಕು

ಸಂಪಾದಕರ ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇವೆ. ಖಂಡಿತ ಆಗುವುದಿಲ್ಲ. ಗಾಳಿ ವಿದ್ಯುತ್ತು ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಗಾಳಿಯಂತ್ರ ಒಮ್ಮೆ ನಿಂತರೆ 20–25 ವರ್ಷ ಅಲ್ಲೇ ನಿಂತಿರುತ್ತದೆ. ಜಾಗ ತಪ್ಪಿದರೆ ಆಮೇಲೆ ಮಾಡುವ ಪರಿಹಾರಗಳು ಅರ್ಧಂಬರ್ಧ ಕೆಲಸ ಮಾಡುತ್ತವೆ, ಕೆಲವು ಏನೂ ಮಾಡುವುದಿಲ್ಲ. ಆದ್ದರಿಂದ ಪ್ರಶ್ನೆ ಕೇಳಬೇಕಾದ ಹೊತ್ತು ಇದೇ, ಅಳೆಯುವ ಕಂಬದ ಮಾತು ನಡೆಯುತ್ತಿರುವಾಗ.

ವರದಿ ಬೇಡ ಎಂದದ್ದು ಒಂದು ಅರ್ಥದಲ್ಲಿ ನಿಜ. ಪರಿಸರ ಪರಿಣಾಮ ಅಧ್ಯಯನ ಯಾವ ಯೋಜನೆಗೆ ಕಡ್ಡಾಯ ಎಂದು ಹೇಳುವುದು 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆ. ಅದರ ಅನುಸೂಚಿಯಲ್ಲಿ ಗಣಿ, ಅಣೆಕಟ್ಟು, ಉಷ್ಣ ವಿದ್ಯುತ್ ಸ್ಥಾವರ ಎಲ್ಲ ಇವೆ, ಗಾಳಿ ವಿದ್ಯುತ್ ಇಲ್ಲ. ಪಶ್ಚಿಮ ಘಟ್ಟದ ಬಗ್ಗೆ 2013ರಲ್ಲಿ ವರದಿ ಕೊಟ್ಟ ಕಸ್ತೂರಿರಂಗನ್ ಸಮಿತಿ ಗಾಳಿ ವಿದ್ಯುತ್ತನ್ನೂ ಈ ಅಧಿಸೂಚನೆಯೊಳಗೆ ತರಬೇಕೆಂದು ಶಿಫಾರಸು ಮಾಡಿತ್ತು. ಇಷ್ಟರಿಂದ ‘ಯಾವ ಅನುಮತಿಯೂ ಬೇಡ’ ಎಂದೇನೂ ಆಗುವುದಿಲ್ಲ. ಅರಣ್ಯ ಜಮೀನಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕೇಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಗಳು ಇತ್ಯರ್ಥವಾಗಿವೆಯೇ ಎಂಬ ಮಾತು ಗ್ರಾಮಸಭೆಗೇ ಬರುತ್ತದೆ. ಸಮುದ್ರದ ಭರತ ರೇಖೆಯಿಂದ 500 ಮೀಟರ್ ಒಳಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದೇ ಗಂಟು. ಬೇಣ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ಕಡಿಯುವ ಗುಡ್ಡ), ಕಾನು (ದಟ್ಟ ನಿತ್ಯಹಸಿರು ಕಾಡು) ಎಂದು ನಾವು ಕರೆಯುವ ಜಾಗಗಳು ಕಾಗದದಲ್ಲಿ ಬಹಳ ಕಡೆ ಅರಣ್ಯವೇ ಆಗಿವೆ. ತೋಟಿಗರಿಗೆ ಇರುವುದು ಸೊಪ್ಪು, ದರಕು (ಒಣ ಎಲೆ), ಹುಲ್ಲಿನ ಸವಲತ್ತು. ಹಾಗಾಗಿ ಮೊದಲ ಕೆಲಸ, ಕಂಪನಿ ತೋರಿಸಿದ ಜಾಗದ ಸರ್ವೆ ನಂಬರು ಹಿಡಿದು ಪಹಣಿ ತೆಗೆಸುವುದು, ಅರಣ್ಯ ಇಲಾಖೆಯ ನಕ್ಷೆಯ ಜೊತೆ ತಾಳೆ ನೋಡುವುದು. ಅರಣ್ಯ ಬಳಕೆಗೆ ಅರ್ಜಿ ಹಾಕಿದ್ದರೆ ಅದು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನಕ್ಷೆ ಸಮೇತ ಸಿಗುತ್ತದೆ. ವಿದೇಶಿ ಅಥವಾ ಅಂತರರಾಷ್ಟ್ರೀಯ ಬ್ಯಾಂಕಿನ ಸಾಲ ಇದೆಯೇ ಎಂದೂ ವಿಚಾರಿಸಿ. ವಿಶ್ವಬ್ಯಾಂಕ್ ಸಮೂಹದ ಸಂಸ್ಥೆಗಳು ಸಾಲ ಕೊಡುವಾಗ ನಮ್ಮ ಕಾನೂನು ಕೇಳದಿದ್ದರೂ ಪರಿಸರ ಮತ್ತು ಸಾಮಾಜಿಕ ಪರಿಣಾಮದ ಅಧ್ಯಯನ ಕೇಳುತ್ತವೆ. ಅಂಥ ವರದಿ ಇದ್ದರೆ ನಿಮ್ಮ ಅರ್ಧ ಕೆಲಸ ಆದ ಹಾಗೆ.

ಇನ್ನು ಅಲ್ಲಿ ಗಾಳಿ ಇದೆಯೇ ಎಂಬುದು. ಆಷಾಢದಲ್ಲಿ ಹಂಚು ಹಾರಿಸುವ ಗಾಳಿ ನೋಡಿದವರಿಗೆ ಇದೆಂಥ ಪ್ರಶ್ನೆ ಎನಿಸಬಹುದು. ಆದರೆ ಯಂತ್ರಕ್ಕೆ ಬೇಕಾದದ್ದು ವರ್ಷದ ಲೆಕ್ಕದಲ್ಲಿ ಸಾಕಷ್ಟು ಹೊತ್ತು, ಒಂದೇ ಸಮನೆ ಬೀಸುವ ಗಾಳಿ. ರಾಜ್ಯದ ಗಾಳಿಯಂತ್ರಗಳೆಲ್ಲ ಹೆಚ್ಚಾಗಿ ಘಟ್ಟದಾಚೆಯ ಗದಗ, ಚಿತ್ರದುರ್ಗ, ಕೊಪ್ಪಳ, ಬಳ್ಳಾರಿ, ವಿಜಯಪುರದ ಬೋಳು ಗುಡ್ಡ, ಬಯಲುಗಳಲ್ಲಿ ನಿಂತಿರುವುದು ಸುಮ್ಮನೆ ಅಲ್ಲ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಬದಲು 7 ಮೀಟರ್ ಇದ್ದರೆ ಶಕ್ತಿ ಶೇ 59ರಷ್ಟು ಹೆಚ್ಚು. ಸುತ್ತ ದಟ್ಟ ಮರಗಳಿದ್ದರೆ ಇನ್ನೊಂದು ತೊಂದರೆ. 25 ಮೀಟರ್ ಎತ್ತರದ ಕಾಡು ಗಾಳಿಯ ಪಾಲಿಗೆ ನೆಲವನ್ನೇ ಸುಮಾರು 17 ಮೀಟರ್ ಮೇಲಕ್ಕೆ ಎತ್ತಿದ ಹಾಗೆ. ಮೇಲೆ ಬೀಸುವ ಗಾಳಿಯೂ ಸುಳಿಸುಳಿಯಾಗಿ ಬಂದು ರೆಕ್ಕೆ, ಗೇರ್‌ಬಾಕ್ಸುಗಳನ್ನು ಬೇಗ ದಣಿಸುತ್ತದೆ. ಆಗ ‘ಇನ್ನಷ್ಟು ಮರ ತೆಗೆಯಬೇಕು’ ಎಂಬ ಬೇಡಿಕೆ ಆಮೇಲೆ ಬರುತ್ತದೆ. ಅದಕ್ಕೇ ಕನಿಷ್ಠ ಒಂದು ಪೂರ್ಣ ವರ್ಷದ ಅಳತೆ ಮುಗಿಯದೆ ಊರು ಯಾವ ಒಪ್ಪಿಗೆಯನ್ನೂ ಕೊಡಬಾರದು ಎಂದು ನಮ್ಮ ಖಚಿತ ಅಭಿಪ್ರಾಯ. ದುರ್ಬಲ ಗಾಳಿಗಾಗಿ ಒಳ್ಳೆಯ ಬೇಣ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಆ ‘ಬಂಜರು’ ಎಂಬ ಮಾತಿಗೆ ಬರೋಣ. ಏಪ್ರಿಲ್‌ನಲ್ಲಿ ಚಿರೇಕಲ್ಲಿನ ಬೇಣದ ಮೇಲೆ ನಿಂತರೆ ಕಾಲಡಿ ಸುಡುವ ಕೆಂಪುಕಲ್ಲು, ಒಣಗಿದ ಹುಲ್ಲು, ಬೇರೇನೂ ಕಾಣುವುದಿಲ್ಲ. ನಕ್ಷೆಗೆ ಬಳಸುವ ಉಪಗ್ರಹದ ಚಿತ್ರಗಳೂ ಹೆಚ್ಚಾಗಿ ಮೋಡವಿಲ್ಲದ ಆ ತಿಂಗಳುಗಳವೇ. ಅದೇ ಕಲ್ಲನ್ನು ಆಗಸ್ಟಿನಲ್ಲಿ ಬಗ್ಗಿ ನೋಡಬೇಕು. ಅಂಗೈಯಷ್ಟು ಗುಳಿಗಳಲ್ಲಿ ನೀರು, ನೀರಿನಂಚಿಗೆ ಉಗುರಿನಷ್ಟು ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ, ಅದರ ಪಕ್ಕ ಅಂಟುಹನಿ ಹೊತ್ತು ಹುಳ ಹಿಡಿಯುವ ಡ್ರೊಸೆರಾ, ಗುಳಿಯೊಳಗೆ ಗೊದಮೊಟ್ಟೆ. ಬೀಜದಿಂದ ಮೊಳೆತು ಹೂವಾಗಿ ಮತ್ತೆ ಬೀಜವಾಗಲು ಅವಕ್ಕಿರುವುದು ಮಳೆಗಾಲದ ಕೆಲವೇ ತಿಂಗಳು. ಮಾರ್ಚಿನಲ್ಲಿ ಎರಡು ದಿನ ಸುತ್ತಾಡಿ ಬರೆದ ಸಸ್ಯಪಟ್ಟಿಯಲ್ಲಿ ಇವು ಒಂದೂ ಇರುವುದಿಲ್ಲ. ವರದಿ ಯಾರೇ ತಂದುಕೊಡಲಿ, ಮೊದಲ ಪುಟಕ್ಕಿಂತ ಮೊದಲು ಸಮೀಕ್ಷೆಯ ತಾರೀಖುಗಳನ್ನು ಹುಡುಕಿ.

ಕಲ್ಲಿನ ಕೆಳಗಿನದು ಊರಿಗೆ ಇನ್ನೂ ಹತ್ತಿರದ ವಿಷಯ. ಚಿರೇಕಲ್ಲು ಜರಡಿಯಂತೆ ನೀರು ಇಳಿಸುತ್ತದೆ. ಕೆಳಗಿನ ಜೇಡಿಯ ಪದರ ಮುಟ್ಟಿದ ನೀರು ಪಕ್ಕಕ್ಕೆ ಹರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಡುತ್ತದೆ. ತೋಟ ಬೇಸಿಗೆಯಲ್ಲಿ ಹಸಿರಾಗಿರುವುದು ಆ ನೀರಿನಿಂದ. ಈಗಿನ ದೊಡ್ಡ ಯಂತ್ರವೊಂದರ ತಳಪಾಯ ಸುಮಾರು 20 ಮೀಟರ್ ವ್ಯಾಸ, 3 ಮೀಟರ್ ಆಳ. ತೆಗೆಯುವ ಮಣ್ಣುಕಲ್ಲು 900 ಘನ ಮೀಟರಿಗೂ ಹೆಚ್ಚು, ತುಂಬುವ ಕಾಂಕ್ರೀಟು 400ರಿಂದ 600 ಘನ ಮೀಟರ್. ಈ ಕಾಂಕ್ರೀಟನ್ನು ನಡುವೆ ನಿಲ್ಲಿಸದೆ ಸುರಿಯಬೇಕು, ನಿಂತರೆ ಎರಡು ಪದರ ಬೆಸೆಯದೆ ಬಿರುಕು ಉಳಿಯುತ್ತದೆ. 6 ಘನ ಮೀಟರಿನ ಮಿಕ್ಸರ್ ಲಾರಿ ಒಂದು ತಳಪಾಯಕ್ಕೇ 80 ಸಲದಷ್ಟು ಬರಬೇಕು. ತೆಗೆದ ಮಣ್ಣು ಎಲ್ಲಿ ಹಾಕುತ್ತಾರೆ? ಇಳಿಜಾರಿಗೆ ದೂಡಿದರೆ ಮೊದಲ ಮಳೆಗೇ ಅದು ತೋಟದ ಕಾದಿಗೆಯಲ್ಲಿ (ನೀರುಗಾಲುವೆಯಲ್ಲಿ) ಬಂದು ಕೂರುತ್ತದೆ. ಜಾಗದ ಹೆಸರು ಹೇಳಿ ಬರೆದುಕೊಡಿ ಎಂದು ಕೇಳಿ.

ಈ ಲೆಕ್ಕದಲ್ಲೆಲ್ಲ ಜನ ಮರೆಯುವುದು ರಸ್ತೆ. ನಮ್ಮ ಕಡೆ ಗಾಳಿಯಂತ್ರದ ಅತಿ ದೊಡ್ಡ ಹಾನಿ ರಸ್ತೆಯಿಂದಲೇ ಬರುತ್ತದೆ. ಒಂದೊಂದು ರೆಕ್ಕೆ 60–70 ಮೀಟರ್ ಉದ್ದದ ಒಂದೇ ತುಂಡು. ಅದನ್ನು ಹೊತ್ತ ಟ್ರೇಲರ್ ದೇವಿಮನೆ ಘಟ್ಟದ ತಿರುವಿನಲ್ಲಿ ನಿಂತದ್ದನ್ನು ಊಹಿಸಿ ನೋಡಿ: ಮೂತಿ ಒಂದು ಧರೆಗೆ (ಕಡಿದ ಗುಡ್ಡದ ಗೋಡೆಗೆ), ಬಾಲ ಇನ್ನೊಂದು ಧರೆಗೆ. ತಿರುವು ಅಗಲಿಸಲೇಬೇಕು. ಆಮೇಲೆ ಬೇಣಕ್ಕೆ ಹತ್ತುವ ಹೊಸ ರಸ್ತೆ. 20 ಡಿಗ್ರಿ ಇಳಿಜಾರಿನಲ್ಲಿ 6 ಮೀಟರ್ ಅಗಲದ ರಸ್ತೆಯನ್ನು ಪೂರ್ತಿ ಗುಡ್ಡ ಕಡಿದು ಮಾಡಿದರೆ ಒಳಬದಿಯ ಧರೆ ಕನಿಷ್ಠ 2 ಮೀಟರ್ ಮೇಲೇಳುತ್ತದೆ, ನೀರುಕಾಲುವೆ ಸೇರಿದರೆ ಇನ್ನೂ ಹೆಚ್ಚು. ಗಟಾರ, ಧರೆ, ತಿರುವು ಎಲ್ಲ ಸೇರಿ 15 ಮೀಟರ್ ಪಟ್ಟಿ ಹಿಡಿದರೆ 10 ಕಿಲೋಮೀಟರಿಗೆ 15 ಹೆಕ್ಟೇರ್. ಹತ್ತು ಯಂತ್ರಗಳು ನಿಲ್ಲುವ ಜಾಗಕ್ಕಿಂತ ಇದೇ ಜಾಸ್ತಿ. ಆದರೂ ‘ಯಂತ್ರಕ್ಕೆ ಒಂದು ಹೆಕ್ಟೇರ್ ಸಾಕು’ ಎಂಬ ಮಾತು ಮಾತ್ರ ಸಭೆಯಲ್ಲಿ ಕೇಳಿಬರುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಗುಡ್ಡದ ಕಾಲು ಕಡಿದರೆ ಏನಾಗುತ್ತದೆ ಎಂದು ನಾವು ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲೆಯ ಶಿರೂರು, ಎರಡೂ ಕಣ್ಣೆದುರಿಗಿವೆ. ರಸ್ತೆಯ ಮತ್ತು ವಿದ್ಯುತ್ ತಂತಿಯ ದಾರಿಯ ನಕ್ಷೆ ಇಲ್ಲದ ವರದಿಯನ್ನು ಓದುವ ಅಗತ್ಯವೇ ಇಲ್ಲ, ಹಿಂದಕ್ಕೆ ಕಳಿಸಿ.

ಹಕ್ಕಿಗಳ ಭಾಗವೇ ತಜ್ಞರ ವರದಿಗಳಲ್ಲಿ ಎಲ್ಲಕ್ಕಿಂತ ಉದ್ದ, ಮೋಸ ಹೋಗಲು ಸುಲಭವಾದದ್ದೂ ಅದೇ. ‘ಇಲ್ಲಿ 84 ಜಾತಿಯ ಹಕ್ಕಿಗಳು ಕಂಡವು’ ಎಂಬಂಥ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. 120 ಮೀಟರ್ ಎತ್ತರದ ಕಂಬ, 70 ಮೀಟರ್ ರೆಕ್ಕೆ ಎಂದರೆ ನೆಲದಿಂದ 50ರಿಂದ 190 ಮೀಟರ್ ನಡುವಿನ ಆಕಾಶ ರೆಕ್ಕೆಯ ಪಾಲು. ಆ ಎತ್ತರದಲ್ಲಿ ಯಾವ ಹಕ್ಕಿ, ಯಾವ ತಿಂಗಳು, ಎಷ್ಟು ಹೊತ್ತು ಹಾರುತ್ತದೆ ಎಂದು ಅಳೆಯಬೇಕು. ಸ್ಕಾಟ್ಲೆಂಡಿನ ಮಾರ್ಗಸೂಚಿ ಒಂದು ವೀಕ್ಷಣಾ ಸ್ಥಳದಿಂದ ಪ್ರತಿ ಋತುವಿಗೆ ಕನಿಷ್ಠ 36 ಗಂಟೆ ಕೂತು ನೋಡಬೇಕು, ಎರಡು ಕಿಲೋಮೀಟರ್‌ಗಿಂತ ದೂರದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎನ್ನುತ್ತದೆ. ನಮಗೆ ಮಳೆಗಾಲವನ್ನೂ ಸೇರಿಸಿ ಅಷ್ಟಾದರೂ ಬೇಕು. ನಿಮ್ಮ ಬೇಣದ ಕೆಳಗೇ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆ ಇದ್ದರಂತೂ ಗಜನಿಗೂ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಗೂ) ಗುಡ್ಡಕ್ಕೂ ನಡುವೆ ದಿನಾ ಓಡಾಡುವ ಗರುಡ, ಬಿಳಿಹೊಟ್ಟೆಯ ಕಡಲ ಹದ್ದುಗಳ ದಾರಿಯನ್ನು ನಕ್ಷೆಯ ಮೇಲೆ ಎಳೆದು ತೋರಿಸಬೇಕು. ಕಡಲ ಹದ್ದು ವರ್ಷ ವರ್ಷ ಅದೇ ಮರಕ್ಕೆ, ಅದೇ ಗೂಡಿಗೆ ಬರುವ ಹಕ್ಕಿ. ಗೂಡಿರುವ ಮರಗಳು ಊರಿನ ಮೀನುಗಾರರಿಗೆ ಗೊತ್ತು. ಅವರನ್ನು ಕೇಳದ ಸಮೀಕ್ಷೆ ಅರೆಬರೆ.

ಹಕ್ಕಿ ಯಂತ್ರಕ್ಕೆ ಡಿಕ್ಕಿ ಹೊಡೆದು ಸಾಯುವ ಅಂದಾಜಿನ ಸೂತ್ರದಲ್ಲಿ ಒಂದು ಸಂಖ್ಯೆಯ ಮೇಲೆ ಕಣ್ಣಿಡಿ. ಅದು ಹಕ್ಕಿ ತಾನಾಗಿ ಯಂತ್ರದ ರೆಕ್ಕೆಯಿಂದ ತಪ್ಪಿಸಿಕೊಳ್ಳುವ ಪ್ರಮಾಣ. ಶೇ 98 ಎಂದು ಹಿಡಿದದ್ದನ್ನು ಶೇ 99 ಮಾಡಿದರೆ ಕಾಗದದ ಮೇಲೆ ಸಾವು ಅರ್ಧಕ್ಕರ್ಧ ಇಳಿಯುತ್ತದೆ. ಯಾವ ಸಂಖ್ಯೆ ಹಿಡಿದಿರಿ, ಯಾಕೆ ಎಂದು ಕೇಳಿದರೆ ವರದಿ ಬರೆದವರ ಪ್ರಾಮಾಣಿಕತೆ ಅಲ್ಲೇ ತಿಳಿಯುತ್ತದೆ.

ಸತ್ತ ಹಕ್ಕಿ, ಬಾವಲಿಗಳ ಲೆಕ್ಕವೂ ಹಾಗೇ. ಯಂತ್ರದಡಿ ಮೂರು ಸಿಕ್ಕವು ಎಂದರೆ ಸತ್ತದ್ದು ಮೂರೇ ಅಲ್ಲ. ಹುಡುಕುವವರ ಕಣ್ಣಿಗೆ ಬೀಳುವುದು ಅರ್ಧ ಎನ್ನಿ, ನರಿ, ಉಡ, ಕಾಗೆ ಹೊತ್ತೊಯ್ಯದೆ ಉಳಿಯುವುದು ನೂರಕ್ಕೆ 40 ಎನ್ನಿ. 3ನ್ನು 0.5ರಿಂದ, ಮತ್ತೆ 0.4ರಿಂದ ಭಾಗಿಸಿದರೆ 15. ಈ ಎರಡು ಪ್ರಮಾಣಗಳನ್ನು ಅಲ್ಲೇ ಪರೀಕ್ಷೆ ಮಾಡಿ ಕಂಡುಹಿಡಿಯಬೇಕು, ಎದೆಯೆತ್ತರ ಹುಲ್ಲು ಬೆಳೆಯುವ ಮಳೆಗಾಲಕ್ಕೆ ಬೇರೆಯಾಗಿ. ಬಾವಲಿಗೆ ಯಂತ್ರದ ರೆಕ್ಕೆ ತಾಗಲೇಬೇಕೆಂದಿಲ್ಲ, ರೆಕ್ಕೆಯ ಹಿಂದೆ ಒತ್ತಡ ತಟ್ಟನೆ ಕುಸಿದಾಗ ಶ್ವಾಸಕೋಶ ಒಡೆದೂ ಸಾಯಬಹುದು ಎಂದು ಕೆಲವು ಸಂಶೋಧಕರು ಹೇಳುತ್ತಾರೆ, ಆ ಬಗ್ಗೆ ಒಮ್ಮತ ಇಲ್ಲ. ಆದರೆ ಬಾವಲಿ ಹೆಚ್ಚು ಹಾರುವುದು ಗಾಳಿ ಕಡಿಮೆ ಇರುವ ರಾತ್ರಿಗಳಲ್ಲಿ. ಅಂಥ ರಾತ್ರಿ ಗಾಳಿ ಸೆಕೆಂಡಿಗೆ 5 ಮೀಟರ್ ದಾಟುವವರೆಗೆ ಯಂತ್ರ ತಿರುಗದಂತೆ ನಿಲ್ಲಿಸಿದರೆ ಸಾವು ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಇಳಿದಿದೆ. ವಿದ್ಯುತ್ತಿನ ನಷ್ಟ ತೀರಾ ಸ್ವಲ್ಪ. ಪರಿಹಾರಗಳ ಪೈಕಿ ನಮಗೆ ಪೂರ್ತಿ ನಂಬಿಕೆ ಇರುವುದು ಇದೊಂದರ ಮೇಲೆ. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಮೂರರಲ್ಲಿ ಒಂದು ರೆಕ್ಕೆಗೆ ಕಪ್ಪು ಬಳಿದಾಗ ಹಕ್ಕಿಗಳ ಸಾವು ಶೇ 70ರಷ್ಟು ಇಳಿಯಿತೆಂದು 2020ರಲ್ಲಿ ಪ್ರಕಟವಾಯಿತು. ಒಳ್ಳೆಯ ಸುದ್ದಿಯೇ, ಆದರೆ ಬಣ್ಣ ಬಳಿದದ್ದು ನಾಲ್ಕೇ ಯಂತ್ರಕ್ಕೆ.

ಡಿಕ್ಕಿ ಹೊಡೆಯದೆಯೂ ಬದಲಾವಣೆ ಆಗುತ್ತದೆ. ಸಾತಾರಾ ಬಳಿಯ ಚಾಳ್ಕೆವಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನೋಡಿದಾಗ, ಯಂತ್ರಗಳಿದ್ದಲ್ಲಿ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ, ಅವು ತಿನ್ನುವ ಓತಿಗಳು ಹೆಚ್ಚು. ಆ ಓತಿಗಳು ಬಡಕಲು, ಮನುಷ್ಯ ಹತ್ತಿರ ಬಂದರೂ ಬೇಗ ಓಡುತ್ತಿರಲಿಲ್ಲ. ಅದು ನಮ್ಮ ಹಾಗೆಯೇ ಘಟ್ಟದ ಕಲ್ಲುಹಾಸಿನ ಪ್ರಸ್ಥಭೂಮಿ, 2018ರಲ್ಲಿ ಪ್ರಕಟವಾದ ಫಲಿತಾಂಶ.

ಮನೆಗಳ ಮಾತು ಚಿಕ್ಕದು. ಕೇಂದ್ರದ 2016ರ ಮಾರ್ಗಸೂಚಿಯಲ್ಲಿ ಯಾವ ವಾಸದ ಮನೆಯಿಂದಲೂ ಯಂತ್ರ 500 ಮೀಟರ್ ದೂರ ಇರಬೇಕು ಎಂದಿತ್ತು. ಸಾರ್ವಜನಿಕ ರಸ್ತೆಯಿಂದ ಕಂಬದ ಎತ್ತರ, ರೆಕ್ಕೆಚಕ್ರದ ಅರ್ಧ ವ್ಯಾಸ, ಮತ್ತೆ 5 ಮೀಟರ್ ಕೂಡಿಸಿದಷ್ಟು ದೂರ, ಅಂದರೆ ಮೇಲಿನ ಉದಾಹರಣೆಯಲ್ಲಿ 195 ಮೀಟರ್. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದದ ಮಿತಿ 45 ಡೆಸಿಬಲ್. ಈಗಿರುವ ಶಬ್ದವನ್ನು ಮಳೆ ಬೀಳುವಾಗಲ್ಲ, ಡಿಸೆಂಬರಿನ ರಾತ್ರಿ ಅಳೆಯಿರಿ ಎಂದು ಪಟ್ಟು ಹಿಡಿಯಿರಿ.

ಗ್ರಾಮಸಭೆಯ ಮುಂದೆ ಇಡಬೇಕಾದ ಮುಖ್ಯ ಮಾತು ಮಾತ್ರ ಒಂದೇ: ಬೇರೆ ಯಾವ ಯಾವ ಜಾಗ ನೋಡಿದಿರಿ, ಅವನ್ನು ಯಾಕೆ ಬಿಟ್ಟಿರಿ? ಇದಕ್ಕೆ ಉತ್ತರ ಇಲ್ಲದಿದ್ದರೆ ನಡೆದದ್ದು ಮೌಲ್ಯಮಾಪನ ಅಲ್ಲ, ಆಗಲೇ ಆರಿಸಿಕೊಂಡ ಜಾಗಕ್ಕೆ ಹೊದಿಸಿದ ಕಾಗದ. ಪ್ರಶ್ನೆ, ಉತ್ತರ ಎರಡೂ ನಡಾವಳಿ ಪುಸ್ತಕದಲ್ಲಿ ಬರಲಿ, ಠರಾವಿನ ದೃಢೀಕೃತ ಪ್ರತಿ ಅದೇ ವಾರ ಪಡೆದುಕೊಳ್ಳಿ.

ಅಷ್ಟರಲ್ಲಿ ಊರಿನವರೇ ಮಾಡಬಹುದಾದ ಒಂದು ಕೆಲಸಕ್ಕೆ ಯಾರ ಅನುಮತಿಯೂ ಬೇಡ. ಬೇಣದ ಬುಡದ ಪ್ರತಿ ಒರತೆಗೂ ಒಂದು ನಂಬರು ಕೊಡಿ. ದಬ್ಬೆ (ನೀರು ಹರಿಯಲು ಸೀಳಿದ ಅಡಿಕೆ ಮರ) ಇಟ್ಟು 10 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ಮೊಬೈಲಿನಲ್ಲಿ ನೋಡಿ ಬರೆದಿಡಿ. 40 ಸೆಕೆಂಡಾದರೆ ನಿಮಿಷಕ್ಕೆ 15 ಲೀಟರ್. ಮೂರು ಸಲ ತುಂಬಿಸಿ ಸರಾಸರಿ ತೆಗೆಯಿರಿ, ತಿಂಗಳಿಗೊಮ್ಮೆ ಅದೇ ತಾರೀಖಿಗೆ ಮಾಡಿ, ಏಪ್ರಿಲ್–ಮೇ ತಪ್ಪಿಸಬೇಡಿ. ಜೊತೆಗೆ ಬೇಣದ ಅದೇ ಹತ್ತು ಜಾಗಗಳ ಫೋಟೊ, ತಾರೀಖು ಸಮೇತ, ಜೂನ್‌ನಿಂದ ಅಕ್ಟೋಬರ್‌ವರೆಗೆ. ನಾಳೆ ಜೆಸಿಬಿ ಬಂದ ಮೇಲೆ ಒರತೆ ಬತ್ತಿದರೆ, ಮೊದಲು ಎಷ್ಟಿತ್ತು ಎಂದು ಕೇಳುವವರಿಗೆ ತೋರಿಸಲು ಆ ವಹಿ ಬೇಕಾಗುತ್ತದೆ. ಸರ್ವೆ ನಂಬರುಗಳು ಸಿಕ್ಕ ಕೂಡಲೇ ನಮಗೂ ಒಂದು ಪ್ರತಿ ಕಳಿಸಿ. ಅರಣ್ಯ ನಕ್ಷೆಯ ಜೊತೆ ತಾಳೆ ನೋಡಿ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.